ಸುಲ್ತಾನಾ ಹೇಳದ ಹೆಸರುಗಳು

ಗುಳೇದಗುಡ್ಡದ ಸುಲ್ತಾನಾ ನೇಕಾರರಿಗಾಗಿ ಪ್ರಶ್ನೋತ್ತರದ ಒಂದು ಜಾಲತಾಣ ನಡೆಸುತ್ತಾಳೆ. ಮಗ್ಗ, ನೂಲು, ಬಣ್ಣದ ಬಗ್ಗೆ ಯಾರು ಬೇಕಾದರೂ ಕೇಳಬಹುದು, ಯಾರು ಬೇಕಾದರೂ ಉತ್ತರ ಬರೆಯಬಹುದು. ಉತ್ತರ ತಪ್ಪೆಂದು ಐವರು ಸದಸ್ಯರು ಮತ ಹಾಕಿದರೆ ಅದು ಅಳಿಸಿಹೋಗುತ್ತದೆ. ಆ ಐವರ ಹೆಸರು ಸುಲ್ತಾನಾಗೆ ಮಾತ್ರ ಕಾಣುತ್ತದೆ. ನಾನು ಬಾಗಲಕೋಟೆಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದವಳು. ಬಣ್ಣದ ಪ್ರಶ್ನೆಗಳಿಗೆ ಅಲ್ಲಿ ಉತ್ತರಿಸುತ್ತಿದ್ದುದರಿಂದ ಅವಳ ಪರಿಚಯವಾಯಿತು.

ಹೋದ ವರ್ಷ ಹೊಳಬಸಪ್ಪನವರ ಉತ್ತರವೊಂದು ಹೀಗೆ ಅಳಿಸಿಹೋಯಿತು. ರವಿಕೆಯ ಖಣ ನೇಯುವುದರಲ್ಲಿ ಅವರು ಊರಿಗೇ ಹಿರಿಯರು. ಬಣ್ಣ ಬಿಡುವ ರೇಷ್ಮೆಗೆ ಏನು ಮಾಡಬೇಕು ಎಂದು ಯಾರೋ ಕೇಳಿದ್ದಕ್ಕೆ, ಸೋಡಾ ಹಾಕಿ ಕುದಿಸಿರಿ ಎಂದು ಬರೆದಿದ್ದರು. ಕೋರಾ, ಅಂದರೆ ಇನ್ನೂ ಬಣ್ಣ ಕಾಣದ ಹಸಿ ರೇಷ್ಮೆಯ ಅಂಟು ತೆಗೆಯಲು ಅದು ಸರಿ. ಬಣ್ಣ ಹಾಕಿದ ರೇಷ್ಮೆಗೆ ಅದರಿಂದ ಕೇಡೇ. ಉತ್ತರ ಅಳಿಸಿದ್ದು ತಿಳಿದೊಡನೆ ಅವರ ಸಂಶಯ ಇರ್ಫಾನನ ಮೇಲೆ ಬಿತ್ತು. ಇರ್ಫಾನ ಸುಲ್ತಾನಾಳ ಗಂಡ. ನೂಲಿಗೆ ಬಣ್ಣ ಹಾಕುವವನು. ಅವನ ಕೆಲಸದಲ್ಲಿ ಹೆಚ್ಚಿನದು ಹೊಳಬಸಪ್ಪನವರು ಕೊಡುವ ನೂಲೇ.

ಹೊಳಬಸಪ್ಪನವರು ಸುಲ್ತಾನಾಳ ಮನೆಗೆ ಬಂದಾಗ ನಾನು ಅಲ್ಲಿಯೇ ಇದ್ದೆ.

"ಆ ಐದು ಮಂದಿ ಯಾರು, ಹೇಳವಾ."

"ಅದೊಂದು ಕೇಳಬ್ಯಾಡ್ರಿ ಕಾಕಾ. ಚಾ ಕುಡೀರಿ."

"ಚಾ ಕುಡಿಯಾಕ ಬಂದಿಲ್ಲ. ಐದೂ ಹೆಸರು ಬ್ಯಾಡ, ಹೋಗ್ಲಿ. ನಿನ್ನ ಗಂಡ ಅದರಾಗ ಇಲ್ಲ ಅನ್ನೂದಷ್ಟ ಕುರಾನ ಮುಟ್ಟಿ ಹೇಳು. ಎದ್ದು ಹೋಗ್ತೇನಿ."

ಮೊಳಕೈತನಕ ಕೆಂಪಾದ ಕೈಗಳೊಂದಿಗೆ ಇರ್ಫಾನ ಹಿತ್ತಲಿಂದ ಬಂದ. "ನಾ ಮತ ಹಾಕಿಲ್ಲ. ಅಷ್ಟು ಹೇಳಾಕ ಏನ ಧಾಡಿ ನಿನಗ?"

ಸುಲ್ತಾನಾ ಅವಸರ ಮಾಡಲಿಲ್ಲ. "ಇವರು ಇಲ್ಲ ಅಂತ ಇವತ್ತ ಹೇಳಿದ್ರ, ನಾಳೆ ಇನ್ನೊಬ್ಬರು ಬಂದು ನಂದೂ ಹೇಳು ಅಂತಾರ. ಇಲ್ಲದವರನ್ನೆಲ್ಲಾ ಒಂದ ಕಡೆ ತೆಗದಿಟ್ರ ಉಳದವರು ಯಾರ್ರಿ, ಕಾಕಾ?"

"ಅಂದ್ರ ಅದಾನ!"

"ಅದಾರ ಅಂತಾನೂ ಹೇಳಿಲ್ಲರಿ."

"ಭಾಳ ಶಾಣ್ಯಾಕಿ ಆಗೀ ನೀ," ಎಂದು ಹೊಳಬಸಪ್ಪನವರು ಹೊರಟರು. ಅವರ ನೂಲು ಮರುವಾರವೇ ಬೇರೆಯವನ ಕಡೆ ಹೋಯಿತು.

ಇರ್ಫಾನನ ಬಣ್ಣದ ಒಲೆಗಳು ಉರಿಯದೆ ನಿಂತವು. ಸುಳ್ಳು ಹೇಳಬೇಕಿಲ್ಲವಲ್ಲ, ಅವನು ಹಾಕಿಲ್ಲವಾದರೆ ಇದ್ದದ್ದನ್ನೇ ಹೇಳು ಎಂದು ನಾನೂ ಬುದ್ಧಿ ಹೇಳಿದೆ.

"ಆ ಐದು ಮಂದಿ ನನ್ನ ನಂಬಿ ಮತ ಒತ್ಯಾರರಿ ಮೇಡಮ್," ಎಂದಳು, ಉಳ್ಳಾಗಡ್ಡಿ ಹೆಚ್ಚುತ್ತ.

ಇರ್ಫಾನನ ಮಾತು ನಿಜವೋ ಅಲ್ಲವೋ ಅವಳಿಗೆ ಗೊತ್ತಿತ್ತು. ಆ ಮುಖದಲ್ಲಿ ಏನನ್ನೂ ಓದಲಾಗಲಿಲ್ಲ. ಆಯ್ಕೆ ಸಮಿತಿಗಳಲ್ಲಿ ಗುಟ್ಟೆಂದು ಸಹಿ ಮಾಡಿದ ವಿಷಯವನ್ನು ಸಂಜೆಯೊಳಗೆ ಕಾಲೇಜಿನ ಜವಾನನ ಬಾಯಲ್ಲಿ ಕೇಳಿದವಳು ನಾನು. ಇಂಥ ಮೌನ ಮನುಷ್ಯರಿಗೆ ಸಾಧ್ಯವೆಂದು ತಿಳಿದಿರಲಿಲ್ಲ. ಬೆಟ್ಟದ ಬುಡದಲ್ಲಿ ನಿಂತು ಮೇಲೆ ನೋಡಿದಂತಾಯಿತು. ಮತ್ತೆ ಬುದ್ಧಿ ಹೇಳಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಹೊಳಬಸಪ್ಪನವರು ಮೊಬೈಲು ಹಿಡಿದು ಮತ್ತೆ ಬಂದರು. ಕೂತರು. ಚಾ ಕುಡಿದರು.

"ಇದರಾಗ ಒಬ್ರು ಹಿರೇರು ತಪ್ಪ ಉತ್ತರ ಬರದಾರ. ಅದನ್ನ ನಂಬಿದವರ ಮಗ್ಗದ ಹಾಸು ನೂಲೆಲ್ಲಾ ಹಾಳಾಗ್ತದ. ಯಾರು ಅಂತ ಕೇಳಬ್ಯಾಡ."

"ಕೇಳೂದಿಲ್ಲರಿ."

"ತಪ್ಪು ಅಂತ ನಾ ಒತ್ತಿದ್ರ ಅವರಿಗೆ ಗೊತ್ತಾಗ್ತದೇನು?"

"ಇಲ್ಲರಿ."

"ನಿನ್ನ ಮುಂದ ಬಂದು ಜಗಳಾ ತಗದ್ರ?"

"ನೀವು ತಗದಾಗ ಏನ ಹೇಳಿದ್ನಿ?"

ಅವರು ಚಾದ ಲೋಟ ಕೆಳಗಿಟ್ಟರು. "ಏನೂ ಹೇಳಲಿಲ್ಲ," ಎಂದರು, ಮೆಲ್ಲಗೆ. ಆಮೇಲೆ ನಮಗೆ ಬೆನ್ನು ತಿರುಗಿಸಿ, ಮೊಬೈಲಿಗೆ ಅಂಗೈ ಮರೆಮಾಡಿಕೊಂಡು ಕೂತರು. ಒತ್ತಿದರೋ ಇಲ್ಲವೋ ನನಗೆ ತಿಳಿಯದು.

ಏಳುವಾಗ ಹಿತ್ತಲ ಕಡೆ ಕೂಗಿದರು: "ಇರ್ಫಾನ, ನಾಳೆ ನೂಲು ಕಳಸ್ತೇನಿ. ಕೆಂಪು ಗಟ್ಟಿ ಇರಲಿ."

ಆ ಐವರಲ್ಲಿ ಅವನಿದ್ದನೇ ಎಂದು ಅವರು ಮತ್ತೆ ಕೇಳಲಿಲ್ಲ.