ಚಹಾ ತರುವಷ್ಟರಲ್ಲಿ ಕೂಡಿದ ಕೀಲು

ಮಗಳು ಚೊಚ್ಚಲ ಬಸುರಿ. ತೊಟ್ಟಿಲು ತವರಿನಿಂದಲೇ ಹೋಗಬೇಕು. ಬಡಿಗನ ಮನೆಯಿಂದ ಅಂಗಡಿಯ ತೊಟ್ಟಿಲು ಹೋದರೆ ನಾನು ಮುಖ ಎಲ್ಲಿಟ್ಟುಕೊಳ್ಳಲಿ? ಅವಳು ಕೇಳಿದ್ದಾದರೂ ಎಂಥದ್ದು! "ಅಪ್ಪಾ, ಬಮ್ಮಿಗಟ್ಟಿ ಗೌಡ್ರ ಮನ್ಯಾಗ ಸಣ್ಣಜ್ಜ ಮಾಡಿದ್ದೈತಲ್ಲ, ಅಂಥಾದ್ದ ಬೇಕು." ಆಗಲಿ ಎಂದುಬಿಟ್ಟೆ.

ಸಣ್ಣಜ್ಜ ಎಂದರೆ ನನ್ನ ಕಾಕಾ. ಅಪ್ಪ ಸತ್ತ ಮೇಲೆ ಕಲಘಟಗಿಯ ತನ್ನ ಮನೆಯಲ್ಲಿಟ್ಟುಕೊಂಡು, ಉಣ್ಣಲು ಹಾಕಿ, ನನ್ನ ಕೈಗೆ ಉಳಿ ಕೊಟ್ಟವನು. ಆ ತೊಟ್ಟಿಲಿನ ಕಾಲುಗಳಲ್ಲಿ ಕೆಳಗೆ ಕರಿ ಬೀಟೆ, ಮೇಲೆ ಸಾಗವಾನಿ. ಎರಡೂ ಕೂಡುವಲ್ಲಿ ಪಾರಿವಾಳದ ಬಾಲದ ಆಕಾರ, ಬುಡ ಕಿರಿದು, ತುದಿ ಅಗಲ. ಅದೂ ಕಾಲಿನ ನಾಲ್ಕೂ ಮುಖಗಳಲ್ಲಿ. ಬಾಲ ಅಗಲವಾದ್ದರಿಂದ ಮೇಲಿಂದ ಇಳಿಯುವುದಿಲ್ಲ. ಪಕ್ಕದಿಂದ ತೂರಿಸೋಣವೆಂದರೆ ಆ ಪಕ್ಕದಲ್ಲೂ ಬಾಲವಿದೆ. ಮೊಳೆ ಇಲ್ಲ. ಹಾಗಾದರೆ ಒಳಗೆ ಹೋದದ್ದಾದರೂ ಹೇಗೆ?

ಯಾರು ಕೇಳಿದರೂ ನಾನು ಒಂದೇ ಉತ್ತರ ಕೊಡುತ್ತಿದ್ದೆ: ಕಾಕಾ ಹೇಳಿಕೊಟ್ಟಿದ್ದ, ನನ್ನ ದಡ್ಡ ತಲೆಯಲ್ಲಿ ನಿಲ್ಲಲಿಲ್ಲ. ಸಾಯುವ ಮುಂದೆ ಕೈ ಹಿಡಿದು ಅವನೇ ಹೇಳಿದ್ದನಲ್ಲ, ಗೊತ್ತಿದ್ದದ್ದೆಲ್ಲಾ ನಿನಗೆ ಕೊಟ್ಟಿದ್ದೇನೆ ಎಂದು. ಮರ ಸವರಿದ್ದು, ಅರಗು ಕಾಯಿಸಿದ್ದು ನೆನಪಿತ್ತು. ಹತ್ತಿರದ ಹೋಟೆಲಿನ ಚಹಾ ಕಾಕಾನಿಗೆ ಸೇರುತ್ತಿರಲಿಲ್ಲವೆಂದು ಬಸ್ ಸ್ಟ್ಯಾಂಡಿನವರೆಗೆ ಕಿಟ್ಲಿ ಹಿಡಿದು ಓಡಿದ್ದೂ ನೆನಪಿತ್ತು. "ನೀ ತಂದದ್ದ ರುಚಿ ಲೇ" ಅನ್ನುತ್ತಿದ್ದ. ಕೀಲು ಕೂಡಿಸಿದ್ದು ಮಾತ್ರ ಎಷ್ಟು ತಲೆ ಕೆರೆದರೂ ನೆನಪಾಗಲಿಲ್ಲ.

ಗೌಡರ ತೊಟ್ಟಿಲನ್ನು ಕೊಯ್ದು ನೋಡುವಂತಿಲ್ಲ. ಒಳ್ಳೆಯ ಮರ ಹಾಳುಮಾಡಲು ಮನಸ್ಸಿಲ್ಲದೆ ಮೂಲಂಗಿ ಕೊಯ್ಯತೊಡಗಿದೆ. ತೊಟ್ಟಿಲು ಮಾಡುತ್ತೀಯೋ ಸಾರು ಮಾಡುತ್ತೀಯೋ ಎಂದು ಹೆಂಡತಿ ಹಂಗಿಸಿದಳು. ಒಂದು ಮುಂಜಾನೆ ಬಾಲವನ್ನು ಓರೆಯಾಗಿ ಕೊಯ್ದೆ, ಎದುರು ಮುಖಕ್ಕಲ್ಲ, ಮಗ್ಗುಲ ಮುಖಕ್ಕೆ ಹಾಯುವಂತೆ. ಎರಡು ತುಂಡುಗಳನ್ನು ಒತ್ತಿದರೆ ಮೂಲೆಯ ಕಡೆಯಿಂದ ಸರ್ರನೆ ಜಾರಿ ಕೂತವು. ನಾಲ್ಕೂ ಮುಖದಲ್ಲಿ ನಾಲ್ಕು ಬಾಲ! ಇದ್ದದ್ದು ಇಷ್ಟೇ. ನಾನು ಒಬ್ಬನೇ ನಕ್ಕೆ, ಆಮೇಲೆ ಅತ್ತೆ.

ಮರದಲ್ಲೂ ಮಾಡಿದೆ. ಮೊದಲು ಯಾರಿಗೆ ತೋರಿಸಲಿ? ಕಾಕಾನ ಮಗನಿಗೇ. ನಮ್ಮೊಡನೆ ಬೆಳೆದರೂ ಒಂದು ದಿನ ಉಳಿ ಮುಟ್ಟದವನು, ಹುಬ್ಬಳ್ಳಿಯಲ್ಲಿ ಪ್ಲೈವುಡ್ ಮಾರುತ್ತಾನೆ. ಆದರೂ ನಿಮ್ಮಪ್ಪನ ವಿದ್ಯೆ ಮತ್ತೆ ಸಿಕ್ಕಿತು ಎಂದರೆ ಖುಷಿಪಟ್ಟಾನು ಎಂದು ಬಸ್ಸು ಹತ್ತಿ ಹೋದೆ. ಅವನು ತುಂಡನ್ನು ತಿರುಗಿಸಿ ನೋಡಿದ.

"ಮೂಲಿ ಕಡಿಂದ ಜಾರಸೂದಲ್ಲೇನ ಇದು? ಅಪ್ಪ ತೋರ್ಸಿದ್ದ ನನಗ. ನಿನ್ನ ಚಹಾಕ್ಕ ಕಳಿಸಿ, ಬಾಗಲಾ ಹಾಕಿ ಕೂಡಸ್ತಿದ್ದ."

ಯಾಕೆ ಎಂದೆ.

"ಇದೊಂದು ಕಲ್ತ್ರ ನಾಳೆ ಬ್ಯಾರೆ ಅಂಗಡಿ ಇಡ್ತಾನ ಅಂತಿದ್ದ. ನನಗೇನ ಬೇಕಾಗಿತ್ತದು, ಬಿಡು." ಅಂದವನೇ ಆಳನ್ನು ಕರೆದು ನನಗೊಂದು ಚಹಾ ಹೇಳಿದ. ಅದು ಬರುವ ಮುಂಚೆಯೇ ತುಂಡು ತೆಗೆದುಕೊಂಡು ಎದ್ದೆ.

ಬಸ್ಸಿನಲ್ಲಿ ಮೈ ಉರಿಯುತ್ತಿತ್ತು. ಕಾಕಾ, ಬೇಡವೆಂದ ಮಗನಿಗೆ ನೀನು ತೋರಿಸಿದೆ, ಕಣ್ಣು ಬಿಟ್ಟು ಕಾದಿದ್ದವನ ಕಣ್ಣು ಕಟ್ಟಿದೆ. ಕೊಡುವುದಿಲ್ಲ ಎಂದು ಮುಖದ ಮೇಲೆ ಹೇಳಿದ್ದರೆ ಆಗುತ್ತಿತ್ತು, ನಿನ್ನ ವಿದ್ಯೆ ನಿನ್ನದು. ಸಾಯುವಾಗ ಕೈ ಹಿಡಿದು ಸುಳ್ಳಾಡಬೇಕಿತ್ತೇ? ಇಷ್ಟು ವರ್ಷ ಊರ ಮುಂದೆಲ್ಲಾ ನನ್ನನ್ನು ನಾನೇ ದಡ್ಡ ಅಂದುಕೊಂಡೆನಲ್ಲೋ ಮಾರಾಯಾ. ಆ ಚಹಾದ ರುಚಿಯ ಮಾತನ್ನು ನಾನು ಪ್ರೀತಿ ಎಂದುಕೊಂಡಿದ್ದೆ.

ತೊಟ್ಟಿಲು ಮುಗಿದು ಮಗಳ ಮನೆ ಸೇರಿತು. ನೋಡಿದವರೆಲ್ಲ ಅಗದಿ ನಿಮ್ಮ ಕಾಕಾನ ಕೈ ಎಂದು ಹೊಗಳಿದರು. 

ಅಮಾವಾಸ್ಯೆಯಂದು ನಾವು ಉಳಿ ಹಿಡಿಯುವುದಿಲ್ಲ, ಪೂಜೆ ಮಾಡುತ್ತೇವೆ. ಉಳಿ, ಕೊಡತಿ, ಗರಗಸಕ್ಕೆ ವಿಭೂತಿ ಹಚ್ಚಿದ ಮೇಲೆ ಕಾಕಾನ ಫೋಟೋಕ್ಕೂ ಹಚ್ಚುವುದು ನನ್ನ ರೂಢಿ. ಆ ಅಮಾವಾಸ್ಯೆಗೆ ಹಚ್ಚಲು ಕೈ ಏಳಲಿಲ್ಲ. ಕಿಟ್ಲಿ ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ಹೋಗಿ ಚಹಾ ತಂದೆ. ಕಪ್ಪಿಗೆ ಬಗ್ಗಿಸಿ ಫೋಟೋದ ಮುಂದಿಟ್ಟು, ಎದುರಿಗೆ ಕೂತೆ.

"ಕುಡಿ ಕಾಕಾ, ಆರತೈತಿ. ಇನ್ನ ನಾ ಎಲ್ಲೂ ಹೋಗಂಗಿಲ್ಲ, ಇಲ್ಲೇ ಕುಂತಿರ್ತೀನಿ."