ನಮ್ಮ ಮನೆಯ ಜೀಪಿ

ಮೊಮ್ಮಗನಿಗೆ ಜೀಪಿ ಎನ್ನುವ ನಿಕ್‌ನೇಮ್ ಹೊಳೆದದ್ದು ನನಗೇ. ಚಾಮರಾಜನಗರದ ನಮ್ಮ ಮನೆಯ ಬಾಣಂತಿ ಕೋಣೆಯಲ್ಲಿ ಕೂತು ಸಾಂಬ್ರಾಣಿ ಹೊಗೆ ಹಾಕುತ್ತಿದ್ದೆ. ಮಗುವಿಗೆ ಇಡಬೇಕೆಂದಿದ್ದ ಎರಡು ಹೆಸರುಗಳನ್ನೂ ಬಾಯಲ್ಲೇ ಹೊರಳಿಸುತ್ತಿದ್ದಾಗ ಅವುಗಳ ಇನಿಷಿಯಲ್ಸ್ ತಾವಾಗಿ ಪಕ್ಕಪಕ್ಕ ಬಂದು ನಿಂತವು. ಜಿ, ಪಿ. ಜೀಪಿ. ಆ ಖುಷಿಗೆ ಹಿಡಿಯಲ್ಲಿದ್ದ ಸಾಂಬ್ರಾಣಿಯೆಲ್ಲ ಒಟ್ಟಿಗೇ ಕೆಂಡಕ್ಕೆ ಬಿತ್ತು.

"ಏನಾಯ್ತಮ್ಮ ನಿನಗೆ?" ಎಂದು ಮಗಳು ಹೊಗೆಯೊಳಗಿಂದ ಕೆಮ್ಮುತ್ತಾ ಕೇಳಿದಳು. ಹೇಳಿದೆ. ಮಗುವಿನ ಮುಖದ ಹತ್ತಿರ ಬಗ್ಗಿ, ಮೆಲ್ಲಗೆ ಒಂದು ಸಲ ಕರೆದು ನೋಡಿದಳು. ಅದು ಬಾಯ್ತುಂಬ ಆಕಳಿಸಿತು. "ಸೂಟ್ ಆಗುತ್ತೆ" ಎಂದಳು.

ಪಿ ಅವಳು ಆರಿಸಿದ ಹೆಸರು. ಜಿ ನನ್ನ ಅಳಿಯನ ತಂದೆಯದು. ಹಿಂದಿನ ವರ್ಷವಷ್ಟೇ ತೀರಿಕೊಂಡರು. ಅವರಿಗಿದ್ದದ್ದು ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರು. ಗಂಡು ಮಗುವಾದರೆ ಅದೇ ಹೆಸರು ಎಂದು ನನ್ನ ಬೀಗಿತ್ತಿ, ಅಂದರೆ ಅಳಿಯನ ತಾಯಿ, ಮೊದಲೇ ಹೇಳಿಟ್ಟಿದ್ದರು. ನಾವೂ ಒಪ್ಪಿದ್ದೆವು. ಮಗಳ ಪ್ರಾಬ್ಲಮ್ ಬೇರೆಯದು. "ಮಾವನ ಹೆಸರು ಹಿಡಿದು, ಮತ್ತೆ ಉಚ್ಚೆ ಹೊಯ್ದುಕೊಂಡೆಯೇನೋ ಅಂತ ಹೇಗಮ್ಮ ಗದರಲಿ? ಅದೂ ಅತ್ತೆ ಎದುರಿಗೆ?"

ನನಗಿದ್ದ ಆಸೆಯೇ ಇನ್ನೊಂದು. ಮೈಸೂರಿನ ಕಾನ್ವೆಂಟ್ ಹಾಸ್ಟೆಲಿನಲ್ಲಿ ನನ್ನ ಹೆಸರಿನವರು ಕ್ಲಾಸಿನ ತುಂಬ ಇದ್ದರು. ಅದಕ್ಕೆ ಸಿಸ್ಟರ್ ನಮ್ಮನ್ನೆಲ್ಲ ಇನಿಷಿಯಲ್ಸ್‌ನಿಂದಲೇ ಕರೆಯುತ್ತಿದ್ದರು. ಥ್ರೋಬಾಲ್ ಕೋರ್ಟಿನ ಆಚೆ ತುದಿಯಿಂದ ಗೆಳತಿಯರು ನನ್ನ ಎರಡಕ್ಷರ ಕೂಗಿದರೆ ಮೈಯೆಲ್ಲ ಚುರುಕಾಗುತ್ತಿತ್ತು. ಮದುವೆಯಾದ ಮೇಲೆ ನಾನು 'ಇವಳೇ' ಆದೆ, ಆಮೇಲೆ ಅಮ್ಮ ಆದೆ, ಈಗ ಅಜ್ಜಿ. ಆ ಎರಡಕ್ಷರ ಬಲ್ಲವರು ಈ ಊರಿನಲ್ಲಿ ಒಬ್ಬರೂ ಇಲ್ಲ. ಅಂಥದ್ದೊಂದು ಪುಟ್ಟ ಹೆಸರು ಈ ಮಗುವಿಗೆ ಇರಲಿ ಅನ್ನಿಸಿತ್ತು.

ಬೀಗಿತ್ತಿ ಬೇಗೂರಿನಿಂದ ಬಸ್ಸಿನಲ್ಲಿ ಬಂದರು. ಬಾಣಂತಿಗೆಂದು ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು ತಂದಿದ್ದರು. ಚೀಲ ಕೆಳಗಿಡುವ ಮೊದಲೇ ಶುರು ಮಾಡಿದರು.

"ಜೀಪಿ ಅಂದ್ರೆ ಗ್ರಾಮ ಪಂಚಾಯ್ತಿ ಕಣಕ್ಕ. ನಮ್ಮೂರ್ ಜನ ಕೇಳುದ್ರೆ ಬುಟ್ಟಾರಾ? ಕೂಸ್ ತವಕೆ ಬಂದು, ನಲ್ಲಿ ನೀರ್ ಬುಡ್ಸಪ್ಪ ಅಂದಾರು."

"ಅಧ್ಯಕ್ಷನೇ ಆಗ್ಲಿ ಬಿಡಿ. ಶಾರ್ಟ್ ಅಂಡ್ ಸ್ವೀಟ್ ಆಗಿದೆ."

"ನಿಮ್ ಸ್ವೀಟು ನಿಮ್ತಾವೇ ಇರ್ಲಿ. ಅಷ್ಟುದ್ದದ್ ಹೆಸ್ರ ತಂದು ಮೋಟ್ರು ಸೈಕಲ್ ನಂಬ್ರು ಮಾಡ್ಬುಟ್ರಲ್ಲ."

ಗುಂಡ್ಲುಪೇಟೆಯಲ್ಲಿ ಕೆಲಸದಲ್ಲಿದ್ದ ಅಳಿಯ ಫೋನಿನಲ್ಲಿ ಅಮ್ಮನ ಕಡೆಗೇ ವಾಲಿದ. ಅವರ ಕಡೆಯವರ ವಾಟ್ಸಾಪ್ ಗ್ರೂಪಿನಲ್ಲಂತೂ ಯಾರೋ ಒಂದು ಜೀಪಿನ ಫೋಟೋ ಹಾಕಿ, ಕೂಸು ಹೇಗಿದೆ ಎಂದು ಕೇಳಿದ್ದರಂತೆ. ನಾನು ಜಗ್ಗಲಿಲ್ಲ. ಈ ವಯಸ್ಸಿನಲ್ಲಿ ಹಟ ಮಾಡಲು ಒಂದು ಒಳ್ಳೆಯ ಕಾರಣ ಸಿಕ್ಕಿದೆಯಲ್ಲ ಎಂದು ಒಳಗೊಳಗೇ ಥ್ರಿಲ್ ಆಗಿದ್ದೆ.

ಮಾರನೆಯ ಬೆಳಿಗ್ಗೆ ಬೀಗಿತ್ತಿ ಕಾಲು ಚಾಚಿ ಕೂತು, ಮಗುವನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದರು. ನಾನು ಪಕ್ಕದಲ್ಲಿ ಎಣ್ಣೆ ಬಟ್ಟಲು ಹಿಡಿದಿದ್ದೆ. ತಲೆ ಎತ್ತದೆ ಹೇಳಿದರು:

"ಅವ್ರಿದ್ದಾಗ ಯಾರಾರ ಬೀದೀಲಿ ನಿಂತ್ಕಂಡು ಹೆಸ್ರಿಡ್ದು ಕೂಗೋರು. ನಾನು ಒಲೆ ಮುಂದ್ಕೂತು ಕೇಳೋಳು. ನಾನಂತೂ ಒಂದ್ ದಿನಾನೂ ಬಾಯ್ಬುಟ್ಟು ಆ ಹೆಸ್ರು ಅಂದೋಳಲ್ಲ. ಈಗ ಕೂಗೋರೇ ಇಲ್ಲ ಕಣಕ್ಕ. ಕೂಸ್ಗೆ ಇಟ್ರೆ ನೀವಾರ ಕೂಗ್ತೀರಿ, ನಾ ಕೇಳ್ಕಂಡಿರ್ತೀನಿ ಅನ್ಕಂಡಿದ್ದಿ. ನೀವು ಎಲ್ಡಕ್ಸರ ಮಾಡ್ಬುಟ್ರೆ ನಾ ಏನ ಕೇಳ್ಲಿ?"

ಗಂಡನ ಹೆಸರು ಹೇಳಬಾರದೆಂದು ಆಕೆ ಬೆಟ್ಟದ ದೇವರನ್ನೂ ಬೆಟ್ಟದಪ್ಪ ಎಂದೇ ಕರೆಯುತ್ತಿದ್ದುದು ಆಗ ನೆನಪಾಯಿತು. ಆ ದಿನವೇ ಮಗಳಿಗೆ ಹೇಳಿದೆ, ಜೀಪಿ ಬೇಡ, ನಿನ್ನ ಮಾವನ ಪೂರ್ತಿ ಹೆಸರೇ ಕರೆಯೋಣ.

ನಾಮಕರಣ ನಮ್ಮ ಮನೆಯಲ್ಲೇ ಆಯಿತು. ಅಳಿಯನ ತಂಗಿ ಮಗುವಿನ ಕಿವಿಯಲ್ಲಿ ಎರಡೂ ಹೆಸರುಗಳನ್ನು ಉಸುರಿದಳು. ಬಂದವರೆಲ್ಲ ತೊಟ್ಟಿಲು ತೂಗಿದರು. ಬೀಗಿತ್ತಿ ತೊಟ್ಟಿಲ ಪಕ್ಕ ಬಿಟ್ಟೇಳಲಿಲ್ಲ. ಯಾರು ಬಂದರೂ ಅವರ ಬಾಯನ್ನೇ ನೋಡುತ್ತಿದ್ದರು. ಬಂದವರೋ, ಪುಟ್ಟಾ ಎಂದರು, ಬಂಗಾರಿ ಎಂದರು, ಚಿನ್ನು ಎಂದರು. ಎಳೆ ಮಗುವನ್ನು ಅಷ್ಟುದ್ದದ ಹೆಸರು ಹಿಡಿದು ಯಾರು ಕರೆಯುತ್ತಾರೆ? ನೋಡಲಾರದೆ ನಾನೇ ಬಗ್ಗಿ ಪೂರ್ತಿ ಹೆಸರು ಕರೆದೆ. ನನ್ನ ಕಿವಿಗೇ ಅದು ಅಟೆಂಡೆನ್ಸ್ ಕೂಗಿದಂತೆ ಕೇಳಿಸಿತು. ಬೀಗಿತ್ತಿ ಥ್ಯಾಂಕ್ಸ್ ಹೇಳುವವರಂತೆ ನಕ್ಕರು. ಆ ನಗುವಿನಲ್ಲಿ ಜೀವವಿರಲಿಲ್ಲ.

ಬಾಣಂತನ ಮುಗಿದು ಮಗಳು ಗುಂಡ್ಲುಪೇಟೆಯ ಮನೆಗೆ ಹೊರಟಾಗ, ಮೊದಲು ಮಗುವನ್ನು ಗೋಪಾಲಸ್ವಾಮಿ ಬೆಟ್ಟಕ್ಕೆ ಕರೆದೊಯ್ಯಬೇಕೆಂದಾಯಿತು. ಕಾರು ಬುಡದಲ್ಲೇ ಬಿಟ್ಟು, ಬೀಗಿತ್ತಿಯೂ ನಾವೂ ಬೆಟ್ಟದ ಬಸ್ಸು ಹತ್ತಿದೆವು. ಮೇಲೆ ಮಂಜು ಎಷ್ಟಿತ್ತೆಂದರೆ ಪಕ್ಕದವರ ಸ್ವೆಟರ್ ಮಾತ್ರ ಕಾಣುತ್ತಿತ್ತು. ನನಗೆ ಹುಡುಗಿಯಂತೆ ಕುಣಿಯುವ ಹುಮ್ಮಸ್ಸು ಬಂತು. ಮಂಡಿ ಬಿಡಬೇಕಲ್ಲ.

ಸಾಲು ಉದ್ದವಿತ್ತು. ಎಳೆ ಮಗು ಎತ್ತಿಕೊಂಡಿದ್ದರಿಂದ ಜನ ಬೀಗಿತ್ತಿಗೆ ದಾರಿ ಬಿಟ್ಟರು. ಅವರ ಹಿಂದೆಯೇ ಬೇರೆಯವರು ನುಗ್ಗಿ, ಮಗಳು, ಅಳಿಯ, ನಾನು ಹಿಂದೆ ಉಳಿದೆವು. ಗರ್ಭಗುಡಿಯ ಮುಂದೆ ಅರ್ಚಕರು ಕೇಳಿದ್ದು ನಮಗೂ ಕೇಳಿಸಿತು: "ಅರ್ಚನೆ ಯಾರ ಹೆಸರಿಗಮ್ಮ?"

"ಕೂಸ್ಗೆ ಸಾಮಿ."

"ಕೂಸಿನ ಹೆಸರು?"

ಬೀಗಿತ್ತಿ ತಿರುಗಿ ನಮ್ಮನ್ನು ಹುಡುಕಿದರು. ಅಳಿಯ ಜನರ ನಡುವೆ ಕೈ ಎತ್ತಿ ಏನೋ ಹೇಳಿದ, ಅದು ಗಂಟೆಯ ಸದ್ದಿನಲ್ಲಿ ಮುಳುಗಿತು. "ಬೇಗ ಹೇಳಿ, ಹಿಂದೆ ಜನ ಇದ್ದಾರೆ" ಎಂದರು ಅರ್ಚಕರು. ಆಕೆ ಮಗುವನ್ನು ನೋಡಿದರು, ಒಳಗಿನ ದೀಪ ನೋಡಿದರು. ಗಂಟೆ ನಿಂತಿತ್ತು.

"ಜೀಪಿ."

"ಏನು?"

"ಜೀಪಿ ಅನ್ನಿ ಸಾಮಿ. ಒಳಗಿರೋರ್ಗೆ ಗೊತ್ತಾಯ್ತದೆ."

ಅರ್ಚಕರು ನಗು ತಡೆದುಕೊಂಡು, ಮಂತ್ರದ ನಡುವೆ ಅದನ್ನೂ ಸೇರಿಸಿಯೇಬಿಟ್ಟರು. ಮಗಳು ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು.

ಹೊರಗೆ ಮೆಟ್ಟಿಲ ಮೇಲೆ ಬೀಗಿತ್ತಿ ನನ್ನನ್ನು ಪಕ್ಕಕ್ಕೆ ಎಳೆದರು. "ಅಕ್ಕ, ಜೀ ಅಂದ್ರೆ ಅವ್ರ್ದೇ ಅಲ್ವಾ?"

"ಅವರದ್ದೇ."

"ಅಷ್ಟ್ ಅಂದ್ರೆ ಹೆಸ್ರೇಳ್ದಂಗಾಗ್ಬುಡ್ತದಾ?"

"ಇನಿಷಿಯಲ್ ಅಷ್ಟೇ. ಹೆಸರು ಹೇಳಿದ ಹಾಗಾಗಲ್ಲ."

"ಅಂದೂ ಅನ್ದಂಗೆ" ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಮಗುವಿನ ಕಿವಿಯ ಬಳಿ ಬಗ್ಗಿ ಮತ್ತೊಂದು ಸಲ ಕರೆದರು. ಜೀ ಎನ್ನುವಾಗ ಉಸಿರು ಉದ್ದಕ್ಕೆ ಎಳೆದು, ಪಿ ಎನ್ನುವುದನ್ನು ಬೇಗ ಮುಗಿಸಿಬಿಟ್ಟರು.

ಬಸ್ಸು ಇಳಿಯುವವರೆಗೂ ಕರೆದದ್ದೇ ಕರೆದದ್ದು. "ಜೀಪಿ, ಅಕೋ ಆನೆ ದಾರಿ ನೋಡು. ಜೀಪಿ, ಚಳಿ ಆಯ್ತದಾ?" ಮುಂದಿನ ಸೀಟಿನವರು ತಿರುಗಿ ನೋಡಿದರೂ ನಿಲ್ಲಿಸಲಿಲ್ಲ. ಅಳಿಯ ಬೇಕೆಂದೇ, "ಅವ್ವಾ, ಅದು ಗ್ರಾಮ ಪಂಚಾಯ್ತಿ ಅಂದಿದ್ದೆಯಲ್ಲ?" ಎಂದ. "ಸುಮ್ಕಿರ್ಲಾ, ಅದೂ ನಿಮ್ಮಪ್ಪನ್ದೇ" ಎಂದು ಬಾಯಿ ಮುಚ್ಚಿಸಿದರು.

ಬುಡದಲ್ಲಿ ಇಳಿದ ಮೇಲೆ ಅಳಿಯ ಮಗುವನ್ನು ಎತ್ತಿಕೊಂಡು ಕಾರಿನತ್ತ ಮುಂದೆ ನಡೆದ. ಬೀಗಿತ್ತಿ ನನ್ನ ಜೊತೆ ಹಿಂದೆ ಬರುತ್ತಿದ್ದವರು ನಿಂತರು. ಅಕ್ಕಪಕ್ಕ ಅಂಗಡಿಗಳಿದ್ದವು, ಅಪರಿಚಿತರಿದ್ದರು. ಅಷ್ಟು ಜನರ ನಡುವೆ ಆಕೆ ದನಿ ಎತ್ತಿದ್ದನ್ನು ನಾನು ಕಂಡೇ ಇರಲಿಲ್ಲ. ಜೀಪೀ ಎಂದು ಕೂಗಿದರು. ಹಲವರು ತಿರುಗಿ ನೋಡಿದರು. ಆಕೆ ನಾಚಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆಮೇಲೆ ಸೆರಗು ತೆಗೆದು, ಇನ್ನೂ ಗಟ್ಟಿಯಾಗಿ ಮತ್ತೊಮ್ಮೆ ಕೂಗಿದರು.