ದೊಡ್ಡಮ್ಮ ಕುದಿಸಿದ ಅಂಗಿಗಳು

ದೊಡ್ಡಮ್ಮನ ಕೌದಿಗಳನ್ನು ನೋಡಿ "ಎಂಥ ಕಲೆ, ಎಂಥ ಬಣ್ಣ" ಎಂದು ಬಾಯಿ ತುಂಬ ಹೊಗಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅವರಲ್ಲಿ ಕೆಲವರು ಕೌದಿಯನ್ನು ಗೋಡೆಗೆ ನೇತುಹಾಕುತ್ತಾರಂತೆ. ಕೌದಿ ಇರುವುದು ಹಾಸುವುದಕ್ಕೆ, ಹೊದೆಯುವುದಕ್ಕೆ, ಮಗು ಉಚ್ಚೆ ಹೊಯ್ದರೆ ಒಗೆದು ಬಿಸಿಲಿಗೆ ಹಾಕುವುದಕ್ಕೆ. ನನ್ನ ಅಮ್ಮನ ಅಕ್ಕ ಸೂಜಿ ಹಿಡಿದದ್ದೂ ಕಲೆಯ ಹುಚ್ಚಿನಿಂದಲ್ಲ. ದೊಡ್ಡಪ್ಪ ತೀರಿಕೊಂಡಾಗ ಅವಳ ಕೈಯಲ್ಲಿದ್ದದ್ದು ಒಬ್ಬ ಚಿಕ್ಕ ಮಗ, ಒಂದು ಟ್ರಂಕು ಹಳೆ ಬಟ್ಟೆ. ಟ್ರಂಕಿನ ಬಟ್ಟೆ ಹರಿದು, ಕೌದಿ ಹೊಲಿದು ಮಗನನ್ನು ಸಾಕಿದಳು, ಅಷ್ಟೇ.

ಅವಳ ಮನೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಮುಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ಕಿಟಕಿಯ ಕೆಳಗೆ ಹಳೆಯ ಹಾಸಿಗೆ ಬಟ್ಟೆ ಹರಡಿ, ಅದರ ಮೇಲೆ ತುಂಡುಗಳನ್ನು ಜೋಡಿಸಿ, ದೊಡ್ಡಮ್ಮ ಕೌದಿಯ ಮೇಲೆಯೇ ಕಾಲು ಚಾಚಿ ಕೂರುತ್ತಾಳೆ. ಬೆರಳಿಗೆ ಬಟ್ಟೆಯ ಪಟ್ಟಿ ಸುತ್ತಿಕೊಂಡು ಅಂಚಿನಿಂದ ಹೊಲಿಗೆ ಶುರುಮಾಡಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾಳೆ. ಬಟ್ಟೆಯನ್ನು ಕತ್ತರಿಯಿಂದ ಕತ್ತರಿಸುವುದಿಲ್ಲ, ಎಳೆ ಹಿಡಿದು ಕೈಯಲ್ಲೇ ಹರಿಯುತ್ತಾಳೆ. ಹರಿಯುವ ಆ ಸದ್ದಿಗೆ ಕೆಳಗಿನ ಸೈಕಲ್‌ನವನು "ಯಾರ ಮೇಲೆ ಕೋಪ ಬಂತಮ್ಮ ಇವತ್ತು?" ಎಂದು ಕೂಗುವುದುಂಟು.

ಹಳೆ ಬಟ್ಟೆ ತರುವವರು ಕತೆಯನ್ನೂ ಹೊತ್ತು ತರುತ್ತಾರೆ. ಒಬ್ಬಾಕೆ ಗಂಡನ ಕೋಟು, ಪ್ಯಾಂಟು ಎಲ್ಲ ತಂದು ಸುರಿದಳು. ದೊಡ್ಡಮ್ಮ ಮುಖ ಸಣ್ಣದು ಮಾಡಿಕೊಂಡು "ಯಾವಾಗ ಹೋದ್ರಮ್ಮ ಪಾಪ?" ಎಂದು ಕೇಳಿದರೆ, "ಎಲ್ಲಿಗೆ ಹೋಗ್ತಾರೆ, ಮನೇಲೇ ಬಿದ್ದಿದ್ದಾರೆ. ಹೊಟ್ಟೆ ಬಂದು ಯಾವುದೂ ಹಿಡಿಯಲ್ಲ!" ಎಂದಳು. ನಿವೃತ್ತ ಪೊಲೀಸಪ್ಪನೊಬ್ಬ ತನ್ನ ಸಮವಸ್ತ್ರಗಳನ್ನು ತಂದಾಗ, "ಇದನ್ನ ಹೊದ್ರೆ ಕನಸಲ್ಲೂ ಡ್ಯೂಟಿ ತಪ್ಪಲ್ಲ ಸಾರ್" ಎಂದು ದೊಡ್ಡಮ್ಮ ಅವನ ಕಾಲೆಳೆದಳು. ಇನ್ನೊಬ್ಬಳು ಹೊಸ ಪುಟಾಣಿ ಅಂಗಿಗಳನ್ನು ತಂದಿದ್ದಳು. ಆಸ್ಪತ್ರೆಯಿಂದ ಮನೆಗೆ ಬರದೇ ಹೋದ ಕೂಸಿನವು. ಆ ಕೌದಿ ಹೊಲಿದು ಮುಗಿಸಿ ಎಷ್ಟೋ ಕಾಲವಾಯಿತು, ತಾಯಿ ಒಯ್ಯಲು ಬಂದೇ ಇಲ್ಲ.

ಯಾರೇ ಬರಲಿ, ಹೋಗುವಾಗ ಚೀಲವನ್ನು ದೊಡ್ಡಮ್ಮನ ಕಡೆ ತಳ್ಳಿ ಹೇಳುವ ಮಾತು ಒಂದೇ: "ಸ್ವಲ್ಪ ನೋಡ್ಕೊಳ್ಳಿ." ಆ ಮನೆಯಲ್ಲಿ ಅದಕ್ಕಿದ್ದ ಅರ್ಥವೂ ಒಂದೇ. ಒಗೆಯಿರಿ, ಹರಿಯಿರಿ, ಹೊಲಿಯಿರಿ. ಅದರಲ್ಲೂ ಒಗೆಯುವ ವಿಷಯದಲ್ಲಿ ದೊಡ್ಡಮ್ಮ ಯಾರ ಮಾತನ್ನೂ ಕೇಳುವವಳಲ್ಲ. ಸೋಡಾ ಹಾಕಿದ ನೀರಿನಲ್ಲಿ ಬಟ್ಟೆಯನ್ನು ತಕತಕ ಕುದಿಸಬೇಕು. ಎಣ್ಣೆ ಜಿಡ್ಡೋ ತಿಂಡಿಯ ಕಲೆಯೋ ಉಳಿದರೆ ಇಲಿ ಬಂದು ಕೌದಿ ಕಡಿಯುತ್ತದೆ. "ಬಟ್ಟೇಲಿ ಮನುಷ್ಯರ ಸುಳಿವೇ ಇರಬಾರದು ಕಣೇ, ಬರೀ ಬಟ್ಟೆ ಇರಬೇಕು" ಎನ್ನುತ್ತಿದ್ದಳು.

ಅವಳ ಮಗನನ್ನು ಬೀದಿಯೆಲ್ಲ ಬನ್ನಣ್ಣ ಎಂದು ಕರೆಯುತ್ತಿತ್ತು. ಚಿಕ್ಕಂದಿನಲ್ಲಿ ಕೆನ್ನೆ ಬನ್ನಿನ ಹಾಗೆ ಉಬ್ಬಿದ್ದಕ್ಕೆ ಬಂದ ಹೆಸರು. ದೊಡ್ಡವನಾಗಿ ಬೇಕರಿಯಲ್ಲೇ ಕೆಲಸಕ್ಕೆ ಸೇರಿ ಹೆಸರನ್ನು ಖಾಯಂ ಮಾಡಿಕೊಂಡ. ಔಷಧಿ ಅಂಗಡಿಯಲ್ಲಿ ಬಿಲ್ಲು ಬರೆಯುತ್ತಿದ್ದ ಹುಡುಗಿಯನ್ನು ಮೆಚ್ಚಿ ಮದುವೆಯಾದ. ಒಬ್ಬಳು ಮಗಳು, ಪುಟ್ಟಿ. ಕಳೆದ ವರ್ಷ ಒಂದು ಮಧ್ಯಾಹ್ನ ಕೆಲಸದಿಂದ ಬಂದವನು ಎದೆ ಹಿಡಿದಂತಾಗುತ್ತಿದೆ ಎಂದು ಗೋಡೆಗೆ ಒರಗಿ ಕೂತ. ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಎಲ್ಲ ಮುಗಿಯಿತು. ಅಷ್ಟು ಒಳ್ಳೆಯ ಮನುಷ್ಯ ಅಷ್ಟು ಬೇಗ ಹೋದದ್ದನ್ನು ನೆನೆದರೆ ನನಗೆ ಇವತ್ತಿಗೂ ದುಃಖಕ್ಕಿಂತ ಸಿಟ್ಟೇ ಮೊದಲು ಬರುತ್ತದೆ.

ಆಮೇಲೆ ದೊಡ್ಡಮ್ಮನಿಗೆ ಹಿಡಿದದ್ದು ಒಂದೇ ಭಯ. ಬನ್ನಣ್ಣನ ಹೆಂಡತಿ, ನನ್ನ ಅತ್ತಿಗೆಗೆ ಇನ್ನೂ ಚಿಕ್ಕ ವಯಸ್ಸು. ತವರಿನವರು ಬಾ ಬಾ ಎಂದು ಕರೆಯುತ್ತಿದ್ದರು. ಅವಳು ಹೋಗುತ್ತೇನೆ ಎನ್ನಲಿಲ್ಲ, ಇರುತ್ತೇನೆ ಎಂದೂ ಹೇಳಲಿಲ್ಲ. "ಅವಳು ಪುಟ್ಟೀನ ಎತ್ಕೊಂಡು ಹೋದ್ರೆ ನಾನು ಯಾರ ಮುಖ ನೋಡ್ಕೊಂಡಿರಲಿ? ಕೇಳು ನೀನು, ಒಂದು ಮಾತು ಕೇಳು" ಎಂದು ದೊಡ್ಡಮ್ಮ ನನ್ನ ಜೀವ ತಿನ್ನುತ್ತಿದ್ದಳು. ಎಲ್ಲರಿಗೂ ಎದುರಾಡುವ ನಾನೂ ಅತ್ತಿಗೆಯ ಮುಖ ನೋಡಿದರೆ ಬೇರೆ ಏನೋ ಮಾತು ತೆಗೆದುಬಿಡುತ್ತಿದ್ದೆ.

ಅಷ್ಟರಲ್ಲಿ ಅತ್ತಿಗೆಯ ತಾಯಿ ಬಿದ್ದು ಸೊಂಟ ಮುರಿದುಕೊಂಡರು. ಅವರನ್ನು ನೋಡಿಕೊಂಡು ಬರಲು ಅತ್ತಿಗೆ ಪುಟ್ಟಿಯ ಜೊತೆ ಹೊರಟಳು. ಆ ವಾರವೇ ಮನೆಯೊಡೆಯ ಒಳಕೋಣೆಗೆ, ಅಲ್ಲಿನ ಅಟ್ಟಕ್ಕೆ ಸುಣ್ಣ ಹೊಡೆಸುವವನಿದ್ದ. ಬಸ್ಸಿಗೆ ಹೊತ್ತಾಗಿತ್ತು. ಮೆಟ್ಟಿಲು ಅರ್ಧ ಇಳಿದವಳು ತಿರುಗಿ, "ಅತ್ತೆ, ಅಟ್ಟದ ಮೇಲಿರೋ ಚೀಲ ಸ್ವಲ್ಪ ನೋಡ್ಕೊಳ್ಳಿ" ಎಂದಳು.

"ನೋಡ್ಕೋತೀನಿ ಕಣಮ್ಮ, ನೀನು ಹುಷಾರಾಗಿ ಹೋಗಿ ಬಾ" ಎಂದಳು ದೊಡ್ಡಮ್ಮ.

ಚೀಲ ಇಳಿಸಿ ನೋಡಿದರೆ ಮಗನ ಅಂಗಿಗಳು. ಎರಡು ಪ್ಲಾಸ್ಟಿಕ್ ಕವರಿನೊಳಗೆ, ಗಾಳಿಯೂ ಹೋಗದ ಹಾಗೆ ಬಿಗಿಯಾಗಿ ಗಂಟು ಹಾಕಿತ್ತು. ಜಿರಲೆ ಹೋಗದಿರಲಿ ಅಂತ ಕಟ್ಟಿರಬೇಕು ಎಂದುಕೊಂಡಳು ದೊಡ್ಡಮ್ಮ. ಅಂಗಿಗಳನ್ನು ಮಡಿಲಲ್ಲಿ ಇಟ್ಟುಕೊಂಡು ಮನಸಾರೆ ಅತ್ತಳಂತೆ. ಆದರೆ ನನ್ನನ್ನು ಕರೆಸಿದಾಗ ಅವಳ ಮುಖದಲ್ಲಿ ಎಷ್ಟೋ ತಿಂಗಳಿಂದ ಕಾಣದ ಕಳೆಯಿತ್ತು. "ಕೌದಿಗೆ ಕೊಟ್ಟಿದ್ದಾಳೆ ಕಣೇ! ಬಾಯಿಬಿಟ್ಟು ಹೇಳಕ್ಕಾಗದೆ ಹೀಗೆ ಹೇಳಿದ್ದಾಳೆ. ಹೋಗೋಳಾಗಿದ್ರೆ ಇದನ್ನ ನನ್ನ ಕೈಗೆ ಕೊಡ್ತಿದ್ಲಾ?" ಎಂದಳು. ಅವಳು ಹೇಳಿದ್ದು ನನಗೂ ಸರಿಯೆಂದೇ ಕಂಡಿತು.

ಕಾಲರಿನ ಮಡಿಕೆಗಳಲ್ಲಿ ಹಿಟ್ಟಿತ್ತು. ಹಿಟ್ಟು ಕಂಡರೆ ದೊಡ್ಡಮ್ಮ ಬಿಡುತ್ತಾಳೆಯೇ? ಒಂದು ಸಲ ಕುದಿಸಿ ಸಮಾಧಾನವಾಗದೆ ನೀರು ಬದಲಿಸಿ ಮತ್ತೆ ಕುದಿಸಿದಳು. ಬೇರೆಯವರ ಕೆಲಸವನ್ನೆಲ್ಲ ಮೂಲೆಗೆ ಸರಿಸಿ ಇದೊಂದಕ್ಕೇ ಕೂತಳು. ನೀಲಿ ಚೌಕಳಿಯ ಅಂಗಿ ಅಂಚಿಗೆ ಬಂತು, ಕೆಲಸದ ಬಿಳಿ ಅಂಗಿಗಳು ನಡುವಿಗೆ. ಒಂದು ಜೇಬನ್ನು ಹರಿಯದೆ ಇಡಿಯಾಗಿ ಹೊಲಿದಳು. ಪುಟ್ಟಿ ಮಲಗುವಾಗ ಕೈ ಇಟ್ಟುಕೊಳ್ಳಲಿ ಎಂದು. ಹೊಲಿಗೆ ಎಷ್ಟು ಒತ್ತಾಗಿತ್ತೆಂದರೆ ತುಂಡಿಗೆ ತುಂಡು ಎಲ್ಲಿ ಸೇರಿದೆಯೆಂದು ಬೆರಳಿಗೂ ತಿಳಿಯುತ್ತಿರಲಿಲ್ಲ. ಅಷ್ಟು ಚೆಂದದ ಕೌದಿಯನ್ನು ಅವಳು ಹಿಂದೆ ಹೊಲಿದಿರಲಿಲ್ಲ.

ಅತ್ತಿಗೆ ಬರುವ ದಿನ ಅದನ್ನು ಮಂಚದ ಮೇಲೆ ಹಾಸಿ, ಸುಕ್ಕು ನೀವಿ, ನನ್ನನ್ನೂ ಕರೆಸಿಕೊಂಡು ಬಾಗಿಲಲ್ಲಿ ನಿಂತಳು. ಪುಟ್ಟಿ ಓಡಿಬಂದು ಕೌದಿಯ ಮೇಲೆ ಬಿದ್ದು ಹೊರಳಾಡಿತು. ಜೇಬು ಸಿಕ್ಕಿದ್ದೇ ತಡ, ಕೈ ತೂರಿಸಿ ಕಿಲಕಿಲ ನಕ್ಕಿತು. ಅತ್ತಿಗೆ ಮೊದಲು ನೋಡಿದ್ದು ಸುಣ್ಣ ಬಳಿದ ಅಟ್ಟವನ್ನು.

"ಚೀಲ ಎಲ್ಲಿ ಅತ್ತೆ?"

ದೊಡ್ಡಮ್ಮ ನಗುತ್ತ ಮಂಚದ ಕಡೆ ಕೈ ತೋರಿಸಿದಳು.

ಅತ್ತಿಗೆ ನೆಲಕ್ಕೆ ಕೂತು ಕೌದಿಗೆ ಮುಖ ಒತ್ತಿದಳು. ಅಳುತ್ತಿದ್ದಾಳೆ ಎಂದುಕೊಂಡೆವು. ಅಳುತ್ತಿರಲಿಲ್ಲ. ನೀಲಿ ತುಂಡು ಬಿಟ್ಟು ಬಿಳಿ ತುಂಡಿಗೆ, ಅಲ್ಲಿಂದ ಮತ್ತೊಂದಕ್ಕೆ, ಕೊನೆಗೆ ಮಗುವಿನ ಕೈ ಸರಿಸಿ ಜೇಬಿಗೆ ಮೂಗು ಇಟ್ಟಳು. ತಲೆಯೆತ್ತಿ, "ಒಗೆದ್ರಾ?" ಎಂದಳು.

"ಎರಡೆರಡು ಸಲ ಕುದಿಸಿದೆ ಕಣಮ್ಮ. ಹಿಟ್ಟಿನ ಚೂರೂ ಉಳಿದಿಲ್ಲ ನೋಡು" ಎಂದಳು ದೊಡ್ಡಮ್ಮ ಹೆಮ್ಮೆಯಿಂದ.

"ನೋಡ್ಕೊಳ್ಳಿ ಅಂದಿದ್ದೆ ಅತ್ತೆ."

"ನೋಡ್ಕೊಂಡೆನಲ್ಲ!"

ಅತ್ತಿಗೆ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು. ನಾನು ಹಿಂದೆ ಹೋದೆ. ನೀರಿನ ಸದ್ದಿನಲ್ಲಿ ನನ್ನೊಬ್ಬಳಿಗೇ ಕೇಳುವಂತೆ ಹೇಳಿದಳು: "ಒಗೆಯದೆ ಇಟ್ಟಿದ್ದೆ. ತೀರಾ ತಡೆಯಕ್ಕಾಗದೆ ಹೋದಾಗ ಗಂಟು ಬಿಚ್ಚಿ ಒಂದೇ ಒಂದು ಉಸಿರು ತಗೊಳ್ತಿದ್ದೆ. ಮತ್ತೆ ಕಟ್ಟಿಬಿಡ್ತಿದ್ದೆ. ಎಲ್ಲಿ ಮುಗಿದು ಹೋಗುತ್ತೋ ಅಂತ ಜಾಸ್ತಿ ತಗೊಳ್ತಿರಲಿಲ್ಲ."

ದೊಡ್ಡಮ್ಮನಿಗೆ ಇದನ್ನು ಬಿಡಿಸಿ ಹೇಳಬೇಕಾದ ಕರ್ಮ ನನ್ನ ಪಾಲಿಗೆ ಬಂತು. ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ತಾನೇ ಹೊಲಿದ ಕೌದಿಯನ್ನು ಮುಟ್ಟದೆ ದೂರ ಸರಿದು ಗೋಡೆಗೆ ಅಂಟಿ ಕೂತಳು. ಅತ್ತಿಗೆ ಅಂದೇ ಔಷಧಿ ಅಂಗಡಿಗೆ ಹೋಗಿ ಕೆಲಸ ಬಿಡುವುದಾಗಿ ಹೇಳಿ ಬಂದಳು. "ಅಮ್ಮನ ಮನೆಗೆ ಹೋಗ್ತೀವಿ ಅತ್ತೆ. ನಿಮ್ಮ ಮೇಲೆ ಕೋಪ ಇಲ್ಲ. ಇಲ್ಲಿ ಇರೋದಕ್ಕೆ ಈಗ ಏನೂ ಇಲ್ಲ" ಎಂದಳು.

ಮರುದಿನ ಬೆಳಿಗ್ಗೆ ದೊಡ್ಡಮ್ಮ ನನ್ನ ಸ್ಕೂಟರ್ ಏರಿ "ಬೇಕರಿಗೆ ನಡಿ" ಎಂದಳು. ಅಲ್ಲಿ ಅವನ ಏಪ್ರನ್ ಉಳಿದಿರಬಹುದು ಎಂಬುದು ಅವಳ ಲೆಕ್ಕಾಚಾರ. ಬೇಕರಿಯ ಯಜಮಾನ ಒಳ್ಳೆಯವನು. ಒಲೆಯ ಹಿಂದಿನ ಮೊಳೆಗಳಲ್ಲಿ ತೂಗುತ್ತಿದ್ದ ಏಪ್ರನ್‌ಗಳನ್ನು ತಿರುವಿ ನೋಡಿ, ಮಾಸಿದ ಒಂದನ್ನು ತೆಗೆದು, "ಇದು ಅವನದೇ ಇರಬೇಕಮ್ಮ" ಎಂದ. ದೊಡ್ಡಮ್ಮ ಅದನ್ನು ಮುಖಕ್ಕೆ ಒತ್ತಿಕೊಂಡು ಒಲೆಯ ಮುಂದೆಯೇ ಬಿಕ್ಕಿದಳು. "ಸಿಕ್ಕಿದ ಕಣೇ, ನನ್ನ ಮಗ ಸಿಕ್ಕಿದ" ಎಂದಳು. ದಾರಿಯುದ್ದಕ್ಕೂ ಕವರಿನ ಬಾಯಿಯನ್ನು ಎರಡು ಕೈಯಲ್ಲೂ ಹಿಸುಕಿ ಹಿಡಿದಿದ್ದಳು.

ಮನೆಯಲ್ಲಿ ಸೂಟ್‌ಕೇಸ್ ಬಾಗಿಲಿಗೆ ಬಂದಿತ್ತು. ದೊಡ್ಡಮ್ಮ ಏಪ್ರನ್ ಮುಂದೆ ಚಾಚಿದಳು. ಅತ್ತಿಗೆ ಇಸಿದುಕೊಂಡು, ಕಣ್ಣು ಮುಚ್ಚಿ, ಬಹಳ ಹೊತ್ತು ಉಸಿರೆಳೆದುಕೊಂಡಳು. ಅವಳು ಅದನ್ನು ಮೆಲ್ಲಗೆ ಮಡಿಸಿ ವಾಪಸ್ಸು ಕೊಟ್ಟಳು.

"ಇದು ಬೇಕರಿ ವಾಸನೆ ಅತ್ತೆ. ಅವರದಲ್ಲ."

"ಅಲ್ವಾ?" ದೊಡ್ಡಮ್ಮ ಮತ್ತೊಮ್ಮೆ ಮೂಸಿ ನೋಡಿದಳು. ಅತ್ತಿಗೆಯನ್ನು ನೋಡಿದಳು, ನನ್ನನ್ನು ನೋಡಿದಳು. "ನನಗೆ ಅವನೇ ಅನ್ನಿಸ್ತಲ್ಲ. ಹೆತ್ತವಳಿಗೇ ಗೊತ್ತಾಗ್ಲಿಲ್ವಾ? ಬಾಗಿಲಿಗೆ ಬಂದ ಕೂಡಲೇ ಅಂಗಿ ಬಿಚ್ಚಿಸಿ ನೀರಿಗೆ ಹಾಕ್ತಿದ್ದೆ, ಚಿಕ್ಕೋನಿದ್ದಾಗಿಂದ. ಮೂಗಿಗೆ ಹಿಡಿದು ನೋಡೋಕೆ ಪುರುಸೊತ್ತೆಲ್ಲಿತ್ತು ನನಗೆ?" ಅವಳು ಸೊಸೆಯ ಮೊಣಕೈ ಹಿಡಿದುಕೊಂಡಳು. "ಹೇಗಿತ್ತು ಹೇಳಮ್ಮ. ನೀನು ಹೋಗು, ಬೇಡ ಅನ್ನಲ್ಲ. ಅವನ ವಾಸನೆ ಹೇಗಿತ್ತು ಅಂತ ಹೇಳಿ ಹೋಗು."

ಅತ್ತಿಗೆ ಹೇಳಲು ಬಾಯಿ ತೆರೆದಳು. ಕಣ್ಣು ಮುಚ್ಚಿ ಹುಬ್ಬು ಗಂಟಿಕ್ಕಿಕೊಂಡು ನೆನಪಿಸಿಕೊಳ್ಳಲು ನೋಡಿದಳು. ನೋಡನೋಡುತ್ತಿದ್ದಂತೆ ಅವಳ ಮುಖ ಬಿಳಿಚಿಕೊಂಡಿತು.

"ನೆನಪಿಗೆ ಬರ್ತಿಲ್ಲ ಅತ್ತೆ" ಎಂದಳು.

ಆಮೇಲೆ ಪುಟ್ಟಿಯ ಕೈ ಹಿಡಿದು, ಸೂಟ್‌ಕೇಸ್ ಎತ್ತಿಕೊಂಡು ಮೆಟ್ಟಿಲಿಳಿದಳು.